ಮೊದಲು ಯಾವ ಬಾಗಿಲು ತಟ್ಟಬೇಕು?

ವಿಕಲಚೇತನರು ಮತ್ತು ಅವರ ಮನೆಯವರು ಕಳಿಸಿದ ಪ್ರಶ್ನೆಗಳಲ್ಲಿ ಏಳನ್ನು ಈ ಸಲ ಆರಿಸಿಕೊಂಡಿದ್ದೇವೆ. ಬಹುತೇಕ ಪತ್ರಗಳಲ್ಲಿ ಇರುವುದು ಒಂದೇ ಸಂಕಟ: ‘ಹೋದಲ್ಲೆಲ್ಲ ಇನ್ನೊಂದು ಆಫೀಸಿಗೆ ಹೋಗಿ ಅಂತಾರೆ.’ ಸೌಲಭ್ಯಗಳು ಕಂದಾಯ, ಆರೋಗ್ಯ, ಸಾರಿಗೆ, ರೈಲ್ವೆ, ಪಂಚಾಯತಿ ಎಂದು ಹಂಚಿಹೋಗಿರುವುದರಿಂದ ಹೀಗಾಗುತ್ತದೆ. ಯಾವ ಕೆಲಸಕ್ಕೆ ಯಾವ ಬಾಗಿಲು, ಅಲ್ಲಿ ಯಾವ ಕಾಗದ ಕೇಳುತ್ತಾರೆ ಎಂಬುದು ಮೊದಲೇ ಗೊತ್ತಿದ್ದರೆ ಅರ್ಧ ಅಲೆದಾಟ ತಪ್ಪುತ್ತದೆ.

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ರಸ್ತೆಯಲ್ಲಿ ಟ್ರಾಕ್ಟರ್ ಡಿಕ್ಕಿ ಹೊಡೆದು ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಐದು ತಿಂಗಳಾಯಿತು. ಗಾಯ ಮಾಗಿದೆ. ಮುಂದೆ ಏನು ಮಾಡಬೇಕು, ಎಲ್ಲಿಂದ ಶುರು ಮಾಡಬೇಕು ತಿಳಿಯುತ್ತಿಲ್ಲ. – ಸಿಂಧನೂರು ತಾಲೂಕಿನ ಓದುಗರು

ಉತ್ತರ: ಮೂರು ಕೆಲಸ ಒಟ್ಟೊಟ್ಟಿಗೆ ಆಗಬೇಕು. ಒಂದಕ್ಕೆ ಗಡುವು ಇದೆ, ಅದನ್ನೇ ಮೊದಲು ಹೇಳುತ್ತೇವೆ.

ಮೋಟಾರು ವಾಹನ ಅಪಘಾತದ ಪರಿಹಾರ ಅರ್ಜಿಯನ್ನು ಅಪಘಾತ ನಡೆದ ಆರು ತಿಂಗಳೊಳಗೆ ಸಲ್ಲಿಸಬೇಕು ಎಂಬ ನಿಯಮ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಮಗೆ ಉಳಿದಿರುವುದು ಒಂದೇ ತಿಂಗಳು. ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ಬಿಲ್ಲುಗಳನ್ನು ಒಂದು ಕಡತದಲ್ಲಿ ಸೇರಿಸಿಕೊಂಡು ಈ ವಾರವೇ ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ವಿಕಲಚೇತನರಿಗೆ ಅಲ್ಲಿ ಆದಾಯದ ಮಿತಿ ನೋಡದೆ ಉಚಿತವಾಗಿ ವಕೀಲರನ್ನು ಕೊಡಬೇಕು. 1987ರ ಕಾನೂನು ಸೇವೆಗಳ ಕಾಯ್ದೆ ಹೇಳುವುದೇ ಹಾಗೆ. ಫೋನಿನಲ್ಲಿ ಕೇಳಬೇಕಿದ್ದರೆ 15100. ಅಂಗವೈಕಲ್ಯ ಪ್ರಮಾಣಪತ್ರ ಇನ್ನೂ ಬಂದಿಲ್ಲವೆಂದು ಅರ್ಜಿ ತಡ ಮಾಡಬೇಡಿ, ಅದನ್ನು ಆಮೇಲೆ ಸೇರಿಸಬಹುದು.

ಎರಡನೆಯದು ಯುಡಿಐಡಿ, ಅಂದರೆ ವಿಶಿಷ್ಟ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಧಾರ್, ವಿಳಾಸದ ದಾಖಲೆ, ಫೋಟೊ, ಸಹಿ ಅಥವಾ ಹೆಬ್ಬೆಟ್ಟು ಸಾಕು. ಆನ್‌ಲೈನ್ ಕೆಲಸ ಕಷ್ಟ ಎನಿಸಿದರೆ ನಿಮ್ಮ ಗ್ರಾಮ ಪಂಚಾಯತಿಯ ಪಿಡಿಒ ಹತ್ತಿರ ‘ನಮ್ಮ ವಿಆರ್‌ಡಬ್ಲ್ಯು ಯಾರು’ ಎಂದು ಕೇಳಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಎಂಬ ಈ ವ್ಯಕ್ತಿ ಸಾಮಾನ್ಯವಾಗಿ ತಾನೂ ವಿಕಲಚೇತನ. ಊರಿನ ಅರ್ಜಿಗಳ ಓಡಾಟವೇ ಅವರ ಕೆಲಸ. ತಾಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯು, ಪಟ್ಟಣಗಳಲ್ಲಿ ಯುಆರ್‌ಡಬ್ಲ್ಯು ಇರುತ್ತಾರೆ. ಕರ್ನಾಟಕದ ಹಳ್ಳಿಗಳಲ್ಲಿ ಇವರಷ್ಟು ಹತ್ತಿರದ ಮಾಹಿತಿ ಕೇಂದ್ರ ಇನ್ನೊಂದಿಲ್ಲ. ಅವರ ಹೆಸರೇ ಗೊತ್ತಿಲ್ಲದ ಮನೆಗಳು ಇನ್ನೂ ಎಷ್ಟೋ ಇವೆ ಎಂಬುದು ಬೇಸರದ ಸಂಗತಿ.

ಅರ್ಜಿ ಎಡವುವುದು ಸಣ್ಣ ವಿಷಯಗಳಲ್ಲಿ. ಆಧಾರ್‌ನಲ್ಲಿ ‘ಬಸವರಾಜ’, ಪಡಿತರ ಚೀಟಿಯಲ್ಲಿ ‘ಬಸಪ್ಪ’ ಎಂದಿದ್ದರೆ ಮುಂದೆ ಮಾಸಾಶನದ ಹೊತ್ತಿಗೆ ತಡೆಯಾಗುತ್ತದೆ, ಈಗಲೇ ಸರಿಪಡಿಸಿ. ಆಸ್ಪತ್ರೆ ಆರಿಸುವಾಗ ಸುಮ್ಮನೆ ಪಟ್ಟಿಯ ಮೊದಲ ಹೆಸರನ್ನು ಒತ್ತಬೇಡಿ. ಆಯ್ದ ಆಸ್ಪತ್ರೆಯಲ್ಲಿ ಮೂಳೆ ತಜ್ಞರು ಯಾವ ವಾರ ತಪಾಸಣೆಗೆ ಕೂರುತ್ತಾರೆ ಎಂದು ವಿಚಾರಿಸಿಕೊಂಡು ಆರಿಸಿ. ಅರ್ಜಿಯ ನೋಂದಣಿ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟರೂ ಸರಿ, ಕಳೆದುಕೊಳ್ಳಬೇಡಿ. 2024ರ ತಿದ್ದುಪಡಿ ನಿಯಮದಂತೆ ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಚೀಟಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಚೀಟಿ ಬೇರೆ, ಎ4 ಹಾಳೆಯ ಪ್ರಮಾಣಪತ್ರ ಬೇರೆ. ದೇಹದ ಯಾವ ಭಾಗಕ್ಕೆ ಏನಾಗಿದೆ ಎಂಬ ವಿವರ ಇರುವುದು ಪ್ರಮಾಣಪತ್ರದಲ್ಲಿ. ಎರಡನ್ನೂ ಜೋಪಾನ ಮಾಡಿ.

ಮೂರನೆಯದು ಕಾಲು. ಶಿಬಿರದಲ್ಲಿ ಒಂದೇ ದಿನದಲ್ಲಿ ಅಳತೆ ತೆಗೆದು ಕೊಡುವ ಕೃತಕ ಕಾಲು ಎಷ್ಟೋ ಮನೆಗಳಲ್ಲಿ ಅಟ್ಟ ಸೇರಿದೆ. ಕಾರಣ ಇಷ್ಟೆ: ಶಸ್ತ್ರಕ್ರಿಯೆಯ ನಂತರ ಉಳಿದ ಕಾಲಿನ ತುದಿ ತಿಂಗಳುಗಟ್ಟಲೆ ಕುಗ್ಗುತ್ತಾ ಹೋಗುತ್ತದೆ, ಮೊದಲ ಅಳತೆಯ ಬಟ್ಟಲು, ಅಂದರೆ ಆ ತುದಿ ಕೂರುವ ಕೃತಕ ಕಾಲಿನ ಮೇಲ್ಭಾಗ, ಸಡಿಲವಾಗುತ್ತದೆ. ಕಾಲು ಬರುವವರೆಗೆ ನಾಲ್ಕು ಇಂಚಿನ ಕ್ರೇಪ್ ಬ್ಯಾಂಡೇಜನ್ನು ಎಂಟರ ಆಕಾರದಲ್ಲಿ, ತುದಿಯಲ್ಲಿ ಬಿಗಿ ಹೆಚ್ಚು, ಮೇಲೆ ಹೋದಂತೆ ಕಡಿಮೆ ಇರುವ ಹಾಗೆ ಸುತ್ತಿ. ದಿನಕ್ಕೆ ನಾಲ್ಕೈದು ಸಲ ಬಿಚ್ಚಿ ಮತ್ತೆ ಕಟ್ಟಿ. ಬಳೆಯಂತೆ ಅಡ್ಡಡ್ಡ ಸುತ್ತಿದರೆ ರಕ್ತ ಸಂಚಾರ ಕಟ್ಟಿ ತುದಿ ಊದುತ್ತದೆ. ಆರಾಮವೆಂದು ಮೊಣಕಾಲ ಕೆಳಗೆ ದಿಂಬು ಇಡುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ಮೊಣಕಾಲು ಬಾಗಿದ ಸ್ಥಿತಿಯಲ್ಲೇ ಬಿಗಿದುಕೊಂಡು ಆಮೇಲೆ ಎಷ್ಟು ಒಳ್ಳೆಯ ಕಾಲು ಹಾಕಿದರೂ ನಡೆಯಲಾಗದು.

ಕಾಲು ಹಾಕಿಕೊಂಡ ಮೇಲೆ ಭಾರ ಬೀಳಬೇಕಾದ್ದು ಮೂಳೆಯ ತುದಿಯ ಮೇಲಲ್ಲ, ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜಿನ ಮೇಲೆ ಮತ್ತು ಅಕ್ಕಪಕ್ಕದಲ್ಲಿ. ಅರ್ಧ ಗಂಟೆ ನಡೆದು ಬಿಚ್ಚಿ ನೋಡಿ. ಕೆಂಪು ಗುರುತು ಹತ್ತು ನಿಮಿಷದಲ್ಲಿ ಮಾಯವಾದರೆ ಚಿಂತೆಯಿಲ್ಲ. ಉಳಿದರೆ, ಅಥವಾ ನೀರುಗುಳ್ಳೆ ಎದ್ದರೆ, ಕಾಲು ತೆಗೆದಿಟ್ಟು ಮಾಡಿಕೊಟ್ಟವರಲ್ಲಿಗೇ ಹೋಗಬೇಕು. ಸಂಜೆಯ ಹೊತ್ತಿಗೆ ಒಳಗೆ ‘ಲೊಡಲೊಡ’ ಎನ್ನಿಸಿದರೆ ಇನ್ನೊಂದು ಕಾಲುಚೀಲ ಸೇರಿಸಿ. ಕಾಲುಚೀಲಗಳ ಸಂಖ್ಯೆ ದಿನದಿನಕ್ಕೆ ಹೆಚ್ಚುತ್ತಾ ಹೋದರೆ ಬಟ್ಟಲನ್ನೇ ಬದಲಿಸುವ ಕಾಲ ಬಂತೆಂದು ಅರ್ಥ. ಹಾಗಾಗಿ ‘ಉಚಿತವಾಗಿ ಕೊಡ್ತಾರಾ’ ಎಂದಷ್ಟೇ ಕೇಳಬೇಡಿ. ‘ನಡೆಯಲು ಕಲಿಸುತ್ತೀರಾ, ಆರು ತಿಂಗಳ ಮೇಲೆ ಬಟ್ಟಲು ಬದಲಿಸಿಕೊಡುತ್ತೀರಾ’ ಎಂದೂ ಕೇಳಿ. ಬೆಂಗಳೂರಿನಲ್ಲಿ ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ, ವಿಕಲಚೇತನರಿಗಾಗಿ 1959ರಿಂದ ಕೆಲಸ ಮಾಡುತ್ತಿರುವ ಎಪಿಡಿ ಸಂಸ್ಥೆ, ಕೃತಕ ಅಂಗ ತಯಾರಿಸುವ ಕೇಂದ್ರ ಸರ್ಕಾರದ ಅಲಿಂಕೊ ಘಟಕಗಳಲ್ಲಿ ವಿಚಾರಿಸಬಹುದು.

ಪ್ರಶ್ನೆ: ಕಾಲಿನ ತೊಂದರೆಗೆ ಶೇ 30 ಎಂದು ಬರೆದುಕೊಟ್ಟಿದ್ದಾರೆ. ಕಿವಿಯೂ ಮಂದ. 40 ಇಲ್ಲದೆ ಏನೂ ಸಿಗುವುದಿಲ್ಲ ಅನ್ನುತ್ತಾರೆ. ಮತ್ತೆ ಅರ್ಜಿ ಹಾಕಬಹುದೆ? – ಶಿರಸಿಯಿಂದ

ಉತ್ತರ: ಹಾಕಬಹುದು. ಕಿವಿಯನ್ನೂ ಅಳೆಯಿಸಲೇಬೇಕು. ನಿಮ್ಮನ್ನು ಮೂಳೆ ತಜ್ಞರು ಮಾತ್ರ ನೋಡಿದ್ದರೆ ಅವರು ಕಾಲಿನ ಲೆಕ್ಕ ಮಾತ್ರ ಬರೆದಿರುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಗಳಿವೆ. ಒಬ್ಬರಿಗೆ ಎರಡು ಇದ್ದರೆ ಎರಡನ್ನೂ ಸೇರಿಸಿ ಅಳೆಯುವ ಸೂತ್ರವೂ ಇದೆ.

ಆದರೆ ಅದು ನೇರ ಕೂಡುವುದಲ್ಲ. 90ರಿಂದ ದೊಡ್ಡ ಅಂಕಿಯನ್ನು ಕಳೆದು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ದೊಡ್ಡ ಅಂಕಿಗೆ ಸೇರಿಸಬೇಕು. ನಿಮ್ಮ ಕಿವಿಗೆ ಶೇ 20 ಬಂತು ಎಂದುಕೊಳ್ಳಿ. 90ರಲ್ಲಿ 30 ಹೋದರೆ 60. ಅದನ್ನು 20ರಿಂದ ಗುಣಿಸಿದರೆ 1200, 90ರಿಂದ ಭಾಗಿಸಿದರೆ 13 ಚಿಲ್ಲರೆ. ಒಟ್ಟು ಶೇ 43. ಐವತ್ತು ಆಗದಿದ್ದರೂ ನಲವತ್ತರ ಗೆರೆ ದಾಟಿತು. ಆಸ್ಪತ್ರೆಗೆ ಹೋಗುವಾಗ ಇತ್ತೀಚಿನ ಆಡಿಯೋಗ್ರಾಂ, ಅಂದರೆ ಕಿವಿ ಪರೀಕ್ಷೆಯ ವರದಿ, ಜೊತೆಗಿರಲಿ.

ಶೇಕಡಾವಾರು ಲೆಕ್ಕವೇ ತಪ್ಪು ಎನಿಸಿದರೆ ಕಾಯ್ದೆಯ 59ನೇ ಕಲಂ ಪ್ರಕಾರ ಮೇಲ್ಮನವಿ ಇದೆ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಜಿಲ್ಲಾ ಆಸ್ಪತ್ರೆಯಲ್ಲಿ ಮೇಲ್ಮನವಿ ಪ್ರಾಧಿಕಾರ ಯಾರು ಎಂದು ಕೇಳಿ ಲಿಖಿತವಾಗಿ ಕೊಡಿ. ಮಧ್ಯವರ್ತಿಗಳು ‘75 ಮಾಡಿಸಿಕೊಡ್ತೀವಿ’ ಎಂದು ಆಮಿಷ ಒಡ್ಡುತ್ತಾರೆ. ಮಾಸಾಶನದಲ್ಲಿ 75ಕ್ಕೆ ಮೇಲಿನ ದರ್ಜೆ ಇರುವುದೇ ಅದಕ್ಕೆ ಕಾರಣ. ಸುಳ್ಳು ದಾಖಲೆಯಿಂದ ಸೌಲಭ್ಯ ಪಡೆದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಸೌಲಭ್ಯ ಪಡೆದ ನಿಮಗೇ ಶಿಕ್ಷೆ ಬೀಳಬಹುದು.

ಪ್ರಶ್ನೆ: ಮಗಳಿಗೆ ಒಂದೂಮುಕ್ಕಾಲು ವರ್ಷ. ಕರೆದರೆ ತಿರುಗುವುದಿಲ್ಲ. ಮನೆಯ ಹಿರಿಯರು ‘ಅವಳಪ್ಪನೂ ತಡವಾಗಿಯೇ ಮಾತಾಡಿದ್ದು, ಮೂರು ವರ್ಷ ಆಗಲಿ’ ಅನ್ನುತ್ತಾರೆ. – ಅರಸೀಕೆರೆಯ ತಾಯಿ

ಉತ್ತರ: ಕಾಯಬೇಡಿ. ಕಿವಿಯಿಂದ ಶಬ್ದ ಹೋಗದಿದ್ದರೆ ಮೆದುಳಿನಲ್ಲಿ ಮಾತಿನ ದಾರಿಗಳು ಬೆಳೆಯುವುದು ಕುಂಠಿತವಾಗುತ್ತದೆ, ಮೊದಲ ಮೂರು ವರ್ಷವೇ ಅದಕ್ಕೆ ಹದವಾದ ಕಾಲ. ಹಿಂದಿನಿಂದ ತಟ್ಟೆ ಬಡಿದಾಗ ಮಗು ತಿರುಗಿತು ಎಂದು ಸಮಾಧಾನ ಪಡುವುದೂ ತಪ್ಪು. ನೆಲದ ಕಂಪನಕ್ಕೋ ನಿಮ್ಮ ನೆರಳಿಗೋ ತಿರುಗಿರಬಹುದು.

ಜಿಲ್ಲಾ ಆಸ್ಪತ್ರೆಯಲ್ಲಿರುವ ಡಿಇಐಸಿ, ಅಂದರೆ ಮಕ್ಕಳ ಆರಂಭಿಕ ಪತ್ತೆ ಕೇಂದ್ರಕ್ಕೆ ಮೊದಲು ಹೋಗಿ. ಬೆರಾ ಪರೀಕ್ಷೆ ಬೇಕೆಂದು ಕೇಳಿ. ಮಗು ನಿದ್ದೆಯಲ್ಲಿರುವಾಗ ತಲೆಗೆ ಸಣ್ಣ ತಂತಿಗಳನ್ನು ಅಂಟಿಸಿ ಮಾಡುವ, ನೋವಿಲ್ಲದ ಪರೀಕ್ಷೆ ಅದು. ಆ ದಿನ ಬೆಳಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಮಲಗಲು ಬಿಡದೆ ಕರೆದೊಯ್ದರೆ ಕೆಲಸ ಸಲೀಸು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಶ್ರವಣ ಸಾಧನ, ಮಾತಿನ ತರಬೇತಿ, ತಾಯಂದಿರಿಗೆ ಕಲಿಸುವ ಪೂರ್ವಶಾಲೆ ಎಲ್ಲವೂ ಒಂದೇ ಆವರಣದಲ್ಲಿವೆ. ಇದ್ಯಾವುದಕ್ಕೂ ಅಂಗವೈಕಲ್ಯ ಪ್ರಮಾಣಪತ್ರ ಬರುವ ತನಕ ಕಾಯಬೇಕಿಲ್ಲ.

ಶ್ರವಣ ಸಾಧನ ಕೊಟ್ಟರೆ ಎಚ್ಚರದಲ್ಲಿರುವಷ್ಟು ಹೊತ್ತೂ ಅದು ಕಿವಿಯಲ್ಲಿರಬೇಕು. ‘ಹಾಕಿದರೆ ಕುಯ್ಯ್ ಅನ್ನುತ್ತೆ, ಕಿತ್ತು ಬಿಸಾಡ್ತಾಳೆ’ ಎಂದು ಬಿಟ್ಟುಬಿಡುವವರು ಬಹಳ. ಆ ಸಿಳ್ಳೆ ಯಂತ್ರದ ದೋಷವಲ್ಲ, ಕಿವಿಯ ಅಚ್ಚು ಸಡಿಲವಾಗಿದೆ ಎಂಬ ಸೂಚನೆ. ಈ ವಯಸ್ಸಿನಲ್ಲಿ ಕಿವಿ ಬೆಳೆಯುತ್ತಲೇ ಇರುವುದರಿಂದ ಮೂರರಿಂದ ಆರು ತಿಂಗಳಿಗೊಮ್ಮೆ ಹೊಸ ಅಚ್ಚು ಬೇಕಾಗುತ್ತದೆ. ಬಟನ್ ಬ್ಯಾಟರಿಯ ಹಿಂದಿನ ಅಂಟುಚೀಟಿ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಿ. ಕಿತ್ತ ಕ್ಷಣದಿಂದ ಅದು ಖರ್ಚಾಗತೊಡಗುತ್ತದೆ, ಚೀಟಿ ಮತ್ತೆ ಅಂಟಿಸಿದರೆ ನಿಲ್ಲುವುದಿಲ್ಲ. ಬ್ಯಾಟರಿ ಮಗುವಿನ ಬಾಯಿಗೆ ಹೋಗದಂತೆ ಮುಚ್ಚಳದ ಬೀಗ ಇರುವ ಸಾಧನವನ್ನೇ ಕೇಳಿ. ನುಂಗಿದರೆ ಅನ್ನನಾಳ ಸುಡುತ್ತದೆ.

ಸಾಧನದಿಂದ ಸಾಲದು, ಶಸ್ತ್ರಕ್ರಿಯೆಯಿಂದ ಕಿವಿಯೊಳಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಬೇಕು ಎಂದರೆ, ವಿಕಲಚೇತನರ ಸಾಧನ ಸಲಕರಣೆಗೆ ನೆರವಾಗುವ ಕೇಂದ್ರದ ಎಡಿಪ್ ಯೋಜನೆಯ ನೆರವು ಹುಟ್ಟು ಕಿವುಡಿನ ಮಕ್ಕಳಿಗೆ 5 ವರ್ಷದೊಳಗೆ ಮಾತ್ರ. ಇನ್ನೊಂದು ಮಾತು: ಸನ್ನೆ ಭಾಷೆ ಕಲಿತರೆ ಮಗು ಮಾತೇ ಕಲಿಯುವುದಿಲ್ಲ ಎಂಬ ಹೆದರಿಕೆಗೆ ಆಧಾರವಿಲ್ಲ. ಮನೆಯಲ್ಲಿ ಹಾಲು, ಬಾ, ಸಾಕು, ನೋವು ಎಂಬ ನಾಲ್ಕು ಸನ್ನೆ ಬಂದರೂ ಮಗುವಿನ ಅಳು ಕಡಿಮೆಯಾಗುತ್ತದೆ. ಭಾರತೀಯ ಸನ್ನೆ ಭಾಷೆಯ 10,000 ಪದಗಳ ವಿಡಿಯೊ ನಿಘಂಟು ಉಚಿತವಾಗಿ ಸಿಗುತ್ತದೆ.

ಪ್ರಶ್ನೆ: ಬೌದ್ಧಿಕ ಅಂಗವೈಕಲ್ಯವಿರುವ ಮಗನಿಗೆ ಬರುವ ತಿಂಗಳು 18 ತುಂಬುತ್ತದೆ. ಬ್ಯಾಂಕಿನವರು ‘ಇನ್ನು ಮುಂದೆ ನೀವು ಸಹಿ ಹಾಕುವ ಹಾಗಿಲ್ಲ’ ಎಂದರು. ಹೆತ್ತವರಾದ ನಮಗೇ ಹಕ್ಕಿಲ್ಲವೆ? – ತುಮಕೂರಿನಿಂದ

ಉತ್ತರ: ಕಾನೂನಿನ ಪ್ರಕಾರ ಅಪ್ಪ ಅಮ್ಮ ಸಹಜ ಪೋಷಕರಾಗಿರುವುದು 18 ತುಂಬುವ ತನಕ. ಆಮೇಲೆ ಪೋಷಕತ್ವವನ್ನು ಹೊಸದಾಗಿ ಪಡೆಯಬೇಕು. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ನ್ಯಾಯಾಲಯಕ್ಕೆ ಹೋಗದೆ ಪೋಷಕತ್ವ ಪಡೆಯುವ ದಾರಿ ಇದೆ. ಅರ್ಜಿ ಕೊಡಬೇಕಾದ್ದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ. ಅದರಲ್ಲಿ ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ಒಬ್ಬ ವಿಕಲಚೇತನ ಸದಸ್ಯ ಇರುತ್ತಾರೆ. ಮಾನಸಿಕ ಕಾಯಿಲೆ ಈ ಕಾಯ್ದೆಯೊಳಗೆ ಬರುವುದಿಲ್ಲ. ಅವರಿಗೆ 2016ರ ಕಾಯ್ದೆಯ 14ನೇ ಕಲಂನ ಸೀಮಿತ ಪೋಷಕತ್ವ ಇದೆ.

ಪೋಷಕತ್ವ ಸಿಕ್ಕಿತೆಂದು ಕೆಲಸ ಮುಗಿಯುವುದಿಲ್ಲ. ಮಗನ ಹೆಸರಿನಲ್ಲಿರುವ ಆಸ್ತಿಪಾಸ್ತಿ, ಸಾಲದ ಪಟ್ಟಿಯನ್ನು ಆರು ತಿಂಗಳೊಳಗೆ ಕೊಡಬೇಕು, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಬಹಳ ಮಂದಿ ಇದನ್ನು ಮರೆಯುತ್ತಾರೆ. ಮುಂದೆ ದಾಯಾದಿಗಳ ನಡುವೆ ತಕರಾರು ಬಂದಾಗ ಕಾಪಾಡುವುದು ಈ ಲೆಕ್ಕವೇ.

ಆದರೆ ಅರ್ಜಿ ಹಾಕುವ ಮೊದಲು ಒಂದು ಯೋಚನೆ ಮಾಡಿ. ಮಗನಿಗೆ ಸಹಿ ಹಾಕಲು ಬರುತ್ತದೆಯೇ, ಹಣ ಕೊಟ್ಟು ಸಾಮಾನು ತರುತ್ತಾನೆಯೇ, ಬೇಕು ಬೇಡ ಹೇಳುತ್ತಾನೆಯೇ? ಹಾಗಿದ್ದರೆ ಮಾಸಾಶನದ ಖಾತೆಯಂಥ ಸಣ್ಣ ಕೆಲಸಕ್ಕೆ ಅವನೇ ಸಹಿ ಮಾಡಲಿ, ನೀವು ಪಕ್ಕದಲ್ಲಿರಿ. ಆಸ್ತಿ, ದೊಡ್ಡ ಚಿಕಿತ್ಸೆಯಂಥ ಸಂಗತಿಗಳಿಗೆ ಮಾತ್ರ ಪೋಷಕತ್ವ ಕೇಳುವುದು ಅವನ ಮನುಷ್ಯತ್ವಕ್ಕೆ ಕೊಡುವ ಗೌರವ.

ಇದೇ ಹೊತ್ತಿನಲ್ಲಿ ಇನ್ನೆರಡು ನೋಡಿಕೊಳ್ಳಿ. 15 ತುಂಬಿದ ಮೇಲೆ ಆಧಾರ್‌ನ ಬೆರಳಚ್ಚು, ಕಣ್ಣಿನ ಗುರುತು ನವೀಕರಿಸಿದ್ದೀರಾ? ಇಲ್ಲದಿದ್ದರೆ ಮಾಸಾಶನದ ಪರಿಶೀಲನೆ ಅಲ್ಲೇ ನಿಲ್ಲಬಹುದು. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷದವರೆಗೆ ನೆರವಿದೆ. ಸೇರುವ ಮೊದಲು ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ, ಥೆರಪಿಯ ಖರ್ಚೂ ಬರುತ್ತದೆ. ಹಣ ಮೊದಲು ನೀವು ಕಟ್ಟಿ ಆಮೇಲೆ ಮರಳಿ ಪಡೆಯುವ ಪದ್ಧತಿ ಇದಾದ್ದರಿಂದ ಪ್ರತಿ ಥೆರಪಿಗೂ ದಿನಾಂಕ, ಮೊಹರು ಇರುವ ರಸೀತಿ ಬೇಕು.

ಪ್ರಶ್ನೆ: ಪೋಲಿಯೊದಿಂದ ನನಗೆ ಶೇ 60. ರೈಲು ಟಿಕೆಟ್ ಕೌಂಟರಿನಲ್ಲಿ ಯುಡಿಐಡಿ ತೋರಿಸಿದರೆ ರಿಯಾಯಿತಿ ಕೊಡಲಿಲ್ಲ. ಬಸ್ಸಿನಲ್ಲೂ ಹೀಗೆಯೆ? – ಗದಗ

ಉತ್ತರ: ರೈಲ್ವೆ ಶೇಕಡಾ ಅಂಕಿಯನ್ನು ನೋಡುವುದಿಲ್ಲ. ‘ಜೊತೆಗಾರರಿಲ್ಲದೆ ಪ್ರಯಾಣಿಸಲಾಗದು’ ಎಂದು ರೈಲ್ವೆಯದೇ ನಮೂನೆಯಲ್ಲಿ ಸರ್ಕಾರಿ ವೈದ್ಯರು ಬರೆದುಕೊಡಬೇಕು. ಅದರ ಮೇಲೆ ದಿವ್ಯಾಂಗಜನ ಪೋರ್ಟಲ್‌ನಲ್ಲಿ ರೈಲ್ವೆ ಗುರುತಿನ ಚೀಟಿಗೆ ಅರ್ಜಿ ಹಾಕಿ. ಅದು ಬಂದರೆ ಸ್ಲೀಪರ್, ಮೂರನೇ ಎಸಿಯಲ್ಲಿ ಶೇ 75, ಎರಡನೇ ಮತ್ತು ಮೊದಲ ಎಸಿಯಲ್ಲಿ ಶೇ 50 ರಿಯಾಯಿತಿ, ಜೊತೆಗಾರ ಒಬ್ಬರಿಗೂ ಅಷ್ಟೇ. ಕಿವಿ ಮಾತ್ರ ಕೇಳದವರಿಗೆ ಈ ರಿಯಾಯಿತಿ ಇಲ್ಲ, ಮಾತೂ ಬಾರದಿರಬೇಕು. ಇದು ನ್ಯಾಯವೆಂದು ನಮಗೆ ಅನ್ನಿಸುವುದಿಲ್ಲ, ಆದರೆ ನಿಯಮ ಹಾಗಿದೆ.

ರಾಜ್ಯದ ಸಾರಿಗೆ ನಿಗಮಗಳಲ್ಲಿ ವರ್ಷಕ್ಕೆ 660 ರೂಪಾಯಿಯ ಪಾಸು ಇದೆ, ಊರಿನಿಂದ 100 ಕಿ.ಮೀ. ವ್ಯಾಪ್ತಿಗೆ. ಅರ್ಜಿ ಸೇವಾ ಸಿಂಧುವಿನಲ್ಲಿ. ಡಿಸೆಂಬರ್ 31ಕ್ಕೆ ಅವಧಿ ಮುಗಿಯುತ್ತದೆ, ಆದ್ದರಿಂದ ನವೆಂಬರಿನಲ್ಲಿ ಹೊಸ ಪಾಸು ಮಾಡಿಸುವುದಕ್ಕಿಂತ ಜನವರಿಯಲ್ಲಿ ಮಾಡಿಸುವುದು ಮೇಲು. ಅಂಧರಿಗೆ ಪಾಸು ಉಚಿತ.

ಪ್ರಶ್ನೆ: ಸಕ್ಕರೆ ಕಾಯಿಲೆಯಿಂದ ತಂದೆಗೆ 58ರಲ್ಲಿ ದೃಷ್ಟಿ ಹೋಯಿತು. ದಿನಪತ್ರಿಕೆ ಓದದೆ ಇರಲಾರದವರು, ಈಗ ಮೌನವಾಗಿ ಕುಳಿತಿರುತ್ತಾರೆ. ಬ್ರೈಲ್ ಕಲಿಯಬಹುದೆ? – ದಾವಣಗೆರೆ

ಉತ್ತರ: ಸಕ್ಕರೆ ಕಾಯಿಲೆ ಇರುವವರ ಬೆರಳ ತುದಿ ಎಷ್ಟೋ ಸಲ ಜೋಮು ಹಿಡಿದಿರುತ್ತದೆ, ಬ್ರೈಲ್ ಚುಕ್ಕೆ ತಿಳಿಯುವುದಿಲ್ಲ. ಮೊದಲು ಕಿವಿಯಿಂದ ಓದುವುದನ್ನು ಕಲಿಸಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪಠ್ಯದಿಂದ ಧ್ವನಿ ಎಂಬಲ್ಲಿ ಕನ್ನಡ ಧ್ವನಿ ಇಳಿಸಿಕೊಂಡು, ಆಮೇಲೆ ಪರದೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಆನ್ ಮಾಡಿ. ಈ ಕ್ರಮ ತಪ್ಪಿದರೆ ಫೋನು ಇಂಗ್ಲಿಷಿನಲ್ಲೇ ಬಡಬಡಿಸುತ್ತದೆ, ಹಿರಿಯರು ಮೊದಲ ದಿನವೇ ಬೇಡವೆನ್ನುತ್ತಾರೆ. ಒಂದು ಸಲ ಮುಟ್ಟಿದರೆ ಹೆಸರು ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ, ಪುಟ ಸರಿಸಲು ಎರಡು ಬೆರಳು. ಮೊದಲ ವಾರ ಕರೆ ಸ್ವೀಕರಿಸುವುದು, ಮಾಡುವುದು ಇಷ್ಟೇ ಸಾಕು. ಪತ್ರಿಕೆ ಎರಡನೇ ವಾರ. ನೋಟು ಗುರುತಿಸಲು ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್ ಇದೆ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ.

ಕನ್ನಡದ ಧ್ವನಿ ಪುಸ್ತಕಗಳಿಗೆ ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆಯನ್ನು, ಆನ್‌ಲೈನ್ ಓದಿಗೆ ಸುಗಮ್ಯ ಪುಸ್ತಕಾಲಯವನ್ನು ಕೇಳಿ. ಬಿಳಿ ಕೋಲು ನೆಟ್ಟಗೆ ನಿಲ್ಲಿಸಿದಾಗ ಎದೆಮೂಳೆಯ ಕೆಳತುದಿಗೆ ಮುಟ್ಟುವಷ್ಟಿರಲಿ. ಗಿಡ್ಡ ಕೋಲಾದರೆ ಗುಂಡಿ ತಿಳಿಯುವ ಹೊತ್ತಿಗೆ ಕಾಲು ಗುಂಡಿಯಲ್ಲೇ ಇರುತ್ತದೆ. ಮತ್ತು ಅವರ ಮೌನವನ್ನು ಹಗುರವಾಗಿ ನೋಡಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಅರ್ಜಿ ತೆಗೆದುಕೊಳ್ಳುವುದೇ ಇಲ್ಲ, ಇಲ್ಲವೆಂದು ಬರೆದೂ ಕೊಡುವುದಿಲ್ಲ. ಇಂಥ ಕಚೇರಿಯನ್ನು ಏನು ಮಾಡಬೇಕು? – ಚಿಂತಾಮಣಿಯ ಓದುಗರು

ಉತ್ತರ: ಬಾಯಿಮಾತಿನ ‘ಇಲ್ಲ’ಕ್ಕೆ ಎಲ್ಲೂ ಮೇಲ್ಮನವಿ ಇಲ್ಲ. ಆದ್ದರಿಂದ ಕಾಗದ ಹುಟ್ಟಿಸಿ. ಸಕಾಲ ವ್ಯಾಪ್ತಿಯ ಸೇವೆಯಾದರೆ ಸ್ವೀಕೃತಿಯ ಜಿಎಸ್‌ಸಿ ಸಂಖ್ಯೆ ಕೇಳಿ. ಕೊಡದಿದ್ದರೆ ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀತಿ ಇಟ್ಟುಕೊಳ್ಳಿ. 2016ರ ಕಾಯ್ದೆಯ 23ನೇ ಕಲಂ ಪ್ರಕಾರ ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ದಾಖಲಾದ ಎರಡು ವಾರದೊಳಗೆ ವಿಚಾರಿಸಬೇಕು. ತೃಪ್ತಿಯಾಗದಿದ್ದರೆ ಜಿಲ್ಲಾ ಮಟ್ಟದ ಸಮಿತಿ, ಆಮೇಲೆ ಬೆಂಗಳೂರಿನ ರಾಜ್ಯ ಆಯುಕ್ತರು. ಆಯುಕ್ತರಿಗೆ ಬರೆಯುವ ಪತ್ರ ಒಂದು ಪುಟ ಮೀರದಿರಲಿ: ಯಾವ ದಿನ, ಯಾವ ಕಚೇರಿ, ಏನು ಕೇಳಿದಿರಿ, ಏನು ಹೇಳಿದರು.

ಗ್ರಾಮ ಪಂಚಾಯತಿ ತನ್ನ ಸ್ವಂತ ಆದಾಯದ ಶೇ 5ನ್ನು ವಿಕಲಚೇತನರಿಗೆ ಇಡಬೇಕು. ಅದು ಎಲ್ಲಿ ಖರ್ಚಾಯಿತು ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿಯೇ ಸರಿ. ಶುಲ್ಕ 10 ರೂಪಾಯಿ, ಬಿಪಿಎಲ್ ಚೀಟಿಯ ಪ್ರತಿ ಲಗತ್ತಿಸಿದರೆ ಅದೂ ಬೇಡ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಇದನ್ನು ಮೀರಿದರೆ ತಿರಸ್ಕರಿಸಲು ಅವರಿಗೇ ಕಾರಣ ಕೊಟ್ಟಂತಾಗುತ್ತದೆ. ‘ಯಾಕೆ ಕೊಟ್ಟಿಲ್ಲ’ ಎಂದು ಕೇಳಬೇಡಿ, ಅದಕ್ಕೆ ಅವರು ಉತ್ತರಿಸಬೇಕಿಲ್ಲ. ಹೀಗೆ ಬರೆಯಿರಿ: ‘ಕಳೆದ ಮೂರು ಹಣಕಾಸು ವರ್ಷಗಳಲ್ಲಿ ಪಂಚಾಯತಿಯ ಸ್ವಂತ ಸಂಪನ್ಮೂಲದ ಒಟ್ಟು ಮೊತ್ತ, ಅದರಲ್ಲಿ ವಿಕಲಚೇತನರಿಗೆ ಮೀಸಲಿಟ್ಟ ಶೇ 5ರ ಮೊತ್ತ, ಖರ್ಚಿನ ವೋಚರ್‌ಗಳು ಮತ್ತು ಫಲಾನುಭವಿಗಳ ಆಯ್ಕೆಯ ಸಭಾ ನಡವಳಿಯ ದೃಢೀಕೃತ ಪ್ರತಿ ನೀಡಿ.’ 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿಯನ್ನು ಮುಂದಿನ 30 ದಿನದೊಳಗೆ ಹಾಕಿ.